ಸಾಹೇಬರ ಮೀನು ಮತ್ತು ಬಸ್ಸಿನ ಬ್ರೇಕು

ಕಡತರಾಯರ ಆ ದಿನದ ಫಜೀತಿಗೆಲ್ಲ ಕಾರಣ ಒಂದು ಮೀನು. ದೊಡ್ಡ ಮೀನೇನೂ ಅಲ್ಲ. ಹೆಬ್ಬೆರಳಿಗಿಂತ ಒಂದಿಷ್ಟು ದಪ್ಪ, ಕಿತ್ತಳೆ ಬಣ್ಣ, ಬಾಲದ ಹತ್ತಿರ ಒಂದು ಕಪ್ಪು ಮಚ್ಚೆ. ಆದರೆ ಅದು ಸಾಹೇಬರ ಮೀನು. ಬೇರೆ ಯಾರದಾದರೂ ಆಗಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಕಡತರಾಯ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ವಿಮಾ ಕಚೇರಿಯ ನೆಲಮಾಳಿಗೆಯಲ್ಲಿ, ಹಳೆಯ ಕಡತಗಳ ಕೋಣೆಯಲ್ಲಿ, ಹತ್ತೊಂಬತ್ತು ವರ್ಷ ಕೂತು ಸಂಪಾದಿಸಿದ ಹೆಸರು. ಆ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ಎಂದು ರಾಯರಿಗೆ ಗೊತ್ತಾಗುತ್ತಿದ್ದುದು ಮೇಲಿನಿಂದ ಕಡತ ಕೇಳಲು ಬಂದವರ ಚಪ್ಪಲಿ ನೋಡಿ. ಒಬ್ಬರೂ ಬರದ ದಿನ ಅವರ ಪಾಲಿಗೆ ಹವಾಮಾನವೇ ಇರುತ್ತಿರಲಿಲ್ಲ.

ಹೀಗಿರುವಾಗ ಮೂರನೇ ಮಹಡಿಯಲ್ಲಿ ಕಿಟಕಿ ಪಕ್ಕದ ಸೀಟೊಂದು ಖಾಲಿಯಾಯಿತು. ಆ ಕಿಟಕಿಯಿಂದ ಒಂದು ದೊಡ್ಡ ಮರ, ರಸ್ತೆಯ ತಿರುವು, ಆಚೆಗೆ ಒಂದು ಶಾಲೆಯ ಆಟದ ಮೈದಾನ ಕಾಣುತ್ತಿತ್ತು. ಜೀವಮಾನದಲ್ಲಿ ಏನನ್ನೂ ಬಾಯಿಬಿಟ್ಟು ಕೇಳದ ರಾಯರು ಅರ್ಜಿ ಬರೆದೇಬಿಟ್ಟರು. ಸಾಹೇಬರು ಅದನ್ನು ಓದಿ ಡ್ರಾಯರಿಗೆ ಹಾಕಿಕೊಂಡರು.

"ನಾಳೆಯಿಂದ ನಾನು ಮೂರು ವಾರ ರಜೆ. ಬಂದ ಮೇಲೆ ನೋಡೋಣ. ಅಲ್ಲೀವರೆಗೆ ನನ್ನ ಮೀನನ್ನ ನಿಮ್ಮ ಮನೇಲಿ ಇಟ್ಕೊಳ್ಳಿ. ಇಲ್ಲಿ ಬಿಟ್ರೆ ಇವರೆಲ್ಲ ಸೇರಿ ಬಿಸ್ಕತ್ತು ಹಾಕಿ ಕೊಂದೇಬಿಡ್ತಾರೆ."

ಮೀನಿನ ಜೊತೆಗೆ ಒಂದು ಹಾಳೆ ತುಂಬ ಸೂಚನೆಗಳೂ ಬಂದವು. ನಾಲ್ಕನೆಯದು, ನೀರು ಮುಕ್ಕಾಲು ತೊಟ್ಟಿಗಿಂತ ಕಡಿಮೆಯಾಗಬಾರದು. ಐದನೆಯದು, ಯಾವ ಕಾರಣಕ್ಕೂ ಮೀನನ್ನು ಬೇರೆ ಪಾತ್ರೆಗೆ ಹಾಕಬಾರದು. ಆರನೆಯದು, ತೊಟ್ಟಿಯ ಬಾಯಿ ಸದಾ ತೆರೆದಿರಬೇಕು.

ಮೂರು ವಾರದಲ್ಲಿ ಆ ಮೀನು ಮಾಡಿದ ಕೆಲಸ ಏನೂ ಇಲ್ಲ. ತಳದ ಕಲ್ಲುಗಳ ಮಧ್ಯೆ ಪೇಪರ್‌ವೇಟಿನ ಹಾಗೆ ಕೂತಿರುತ್ತಿತ್ತು. ಮೂತಿಯ ಮುಂದೆಯೇ ಕಾಳು ಬಿದ್ದರೆ ತಿನ್ನುತ್ತಿತ್ತು, ಎರಡು ಅಂಗುಲ ಆಚೆ ಬಿದ್ದರೆ ಬಿಡುತ್ತಿತ್ತು. ಅದನ್ನು ನೋಡುತ್ತಾ ರಾಯರಿಗೆ ನೆಲಮಾಳಿಗೆಯ ಯಾರೋ ಪರಿಚಯದವರನ್ನು ಕಂಡ ಹಾಗಾಗುತ್ತಿತ್ತು. ಅವರಿಗೆ ಆ ಮೀನಿನ ಮೇಲೆ ನಿಜಕ್ಕೂ ಪ್ರೀತಿ ಹುಟ್ಟಿತು.

ಸಾಹೇಬರು ರಜೆ ಮುಗಿಸಿ ಬರುವ ದಿನ ಬಂತು. ವರ್ಗಾವಣೆ ಪಟ್ಟಿ ಮುಖ್ಯ ಕಚೇರಿಗೆ ಹೋಗಬೇಕಾದದ್ದೂ ಅಂದೇ, ಹನ್ನೊಂದು ಗಂಟೆಗೆ. ಅಷ್ಟರೊಳಗೆ ಮೀನು ಸುಖವಾಗಿ ಸಾಹೇಬರ ಮೇಜಿನ ಮೇಲಿರಬೇಕು, ಸಾಹೇಬರ ರುಜು ಅರ್ಜಿಯ ಮೇಲಿರಬೇಕು. ತೊಟ್ಟಿ ಒಯ್ಯಲು ಎಂಟೂವರೆಗೆ ಆಫೀಸಿನ ವ್ಯಾನು ಬರುವುದಿತ್ತು. ಎಂಟೂ ಮೂವತ್ತೈದಕ್ಕೆ ವ್ಯಾನಿನ ಬದಲು ವ್ಯಾನಿನವನ ಫೋನು ಬಂತು. ಬ್ಯಾಟರಿ ಸತ್ತಿತ್ತು.

"ಏನ್ರೀ, ಮುಚ್ಚಳ ಇರೋ ಡಬ್ಬಿ ಕೊಡ್ತೀನಿ," ಎಂದರು ರಾಯರ ಹೆಂಡತಿ. "ಮೀನನ್ನ ಅದರಲ್ಲಿ ಹಾಕ್ಕೊಂಡು ಹೋಗಿ. ತೊಟ್ಟಿ ನಾಳೆ ಕಳಿಸಿದ್ರಾಯ್ತು."

"ಐದನೇ ಸೂಚನೆ," ಎಂದರು ರಾಯರು.

"ತೊಟ್ಟಿ ಮೇಲೆ ಒಂದು ಪ್ಲಾಸ್ಟಿಕ್ಕಾದ್ರೂ ಕಟ್ತೀನಿ."

"ಆರನೇ ಸೂಚನೆ."

"ಬರೆದೋರಿಗೆ ಬುದ್ಧಿ ಇಲ್ಲ ಅಂತ ಓದೋರಿಗೂ ಇರಬಾರದಾ?"

ಹತ್ತೊಂಬತ್ತು ವರ್ಷ ಕಡತಗಳ ಮಧ್ಯೆ ಕೂತವರಿಗೆ ಕಾಗದದ ಮೇಲೆ ಇರುವುದನ್ನು ಮೀರುವ ಶಕ್ತಿ ಉಳಿದಿರುವುದಿಲ್ಲ. ಸೂಟ್‌ಕೇಸಿನಷ್ಟು ಗಾತ್ರದ ಆ ಗಾಜಿನ ತೊಟ್ಟಿಯನ್ನು ತಬ್ಬಿಕೊಂಡು ರಾಯರು ಬೀದಿಗಿಳಿದರು. ಮೂರು ಆಟೋದವರನ್ನು ಕೇಳಿದರು. ಮೊದಲನೆಯವನು ನೀರು ನೋಡಿದ, ಎರಡನೆಯವನು ಮೀನು ನೋಡಿದ, ಮೂರನೆಯವನು ರಾಯರ ಮುಖ ನೋಡಿದ. ಮೂವರೂ ಗಾಡಿ ಬಿಟ್ಟುಕೊಂಡು ಹೊರಟುಹೋದರು. ಉಳಿದದ್ದು ಒಂಬತ್ತೂ ಕಾಲಿನ ಬಸ್ಸು.

ಕಂಡಕ್ಟರ್ ಬಾಗಿಲಲ್ಲೇ ಅಡ್ಡ ನಿಂತ. "ಇದೇನು ಯಜಮಾನ್ರೇ, ಲಗೇಜೋ ಪ್ರಾಣಿಯೋ?"

"ಮೀನು."

"ಅದು ಕಾಣ್ತಿದೆ. ಯಾವ ಟಿಕೆಟ್ ಹರೀಲಿ ಅಂತ ಕೇಳಿದ್ದು." ಅವನು ಬಗ್ಗಿ ತೊಟ್ಟಿಯೊಳಗೆ ನೋಡಿದ. "ಜೀವ ಇದೆಯಾ? ಅಲ್ಲಾಡ್ತಾನೇ ಇಲ್ವಲ್ಲ."

"ಅದು ಇರೋದೇ ಹಾಗೆ."

"ಹಾಗಾದ್ರೆ ಲಗೇಜು," ಎಂದು ಕಂಡಕ್ಟರ್ ಟಿಕೆಟ್ ಹರಿದುಕೊಟ್ಟ.

ರಾಯರಿಗೆ ಮಧ್ಯದಲ್ಲಿ ಒಂದು ಸೀಟು ಸಿಕ್ಕಿತು. ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎಡಗಡೆ ಕಿಟಕಿಯ ಪಕ್ಕ ಒಬ್ಬರು ವಿಜ್ಞಾನದ ಮೇಷ್ಟ್ರು ಕೂತಿದ್ದರು. ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾಗಿದ್ದರೂ ಪಾಠ ಮಾಡುವುದನ್ನು ನಿಲ್ಲಿಸಲು ಅವರಿಂದ ಆಗಿರಲಿಲ್ಲ. ಮುಂದಿನ ಸೀಟಿನಲ್ಲಿ ಒಬ್ಬ ಟೈಲರಮ್ಮ, ಶಾಲೆಯೊಂದಕ್ಕೆ ಕೊಡಬೇಕಾದ ಯೂನಿಫಾರ್ಮಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಡ್ರೈವರ್ ಕ್ಲಚ್ ಬಿಟ್ಟ. ಬಸ್ಸು ಚೇಳು ಕಡಿದ ಎತ್ತಿನ ಹಾಗೆ ಮುಂದಕ್ಕೆ ಹಾರಿತು. ತೊಟ್ಟಿಯ ನೀರು ಹಿಂದಕ್ಕೆ ಎದ್ದು ರಾಯರ ಎದೆಗೆ ಬಂದು ಬಡಿಯಿತು. ಅಂಗಿ ಹೊಟ್ಟೆಯವರೆಗೆ ಅಂಟಿಕೊಂಡಿತು.

"ನೀರಿನ ತಪ್ಪಲ್ಲ ಸ್ವಾಮಿ," ಎಂದರು ಮೇಷ್ಟ್ರು, ಯಾರೂ ಕೇಳದಿದ್ದರೂ. "ಬಸ್ಸು ಹೊರಟಿತು, ತೊಟ್ಟಿ ಹೊರಟಿತು, ನೀವೂ ಹೊರಟಿರಿ. ನೀರಿಗೆ ಮಾತ್ರ ಹೊರಡೋ ಮನಸ್ಸಿರಲಿಲ್ಲ. ಇದಕ್ಕೆ ಜಡತ್ವ ಅಂತಾರೆ. ಇದ್ದಲ್ಲೇ ಇರ್ತೀನಿ ಅನ್ನೋ ಹಠ."

ಅವರು ಮಾತು ಮುಗಿಸುವಷ್ಟರಲ್ಲಿ ಮುಂದೆ ಒಂದು ಸೈಕಲ್ ಅಡ್ಡ ಬಂತು. ಡ್ರೈವರ್ ಬ್ರೇಕ್ ಹಾಕಿದ. ಈ ಸಲ ನೀರು ಮುಂದಕ್ಕೆ ಹಾರಿ ಟೈಲರಮ್ಮನ ಕತ್ತಿನಿಂದ ಬೆನ್ನಿಗಿಳಿಯಿತು.

"ಈಗ ನೋಡಿ," ಎಂದರು ಮೇಷ್ಟ್ರು. "ಬಸ್ಸು ನಿಂತಿತು. ನೀರಿಗೆ ನಿಲ್ಲೋ ಮನಸ್ಸಿಲ್ಲ. ಅದೂ ಜಡತ್ವವೇ. ಹೋಗ್ತಿದ್ದದ್ದು ಹೋಗ್ತಾನೇ ಇರ್ತೀನಿ ಅನ್ನುತ್ತೆ."

ಟೈಲರಮ್ಮ ತಿರುಗಿದಳು. "ನಿಮ್ಮ ನೀರಿನ ಮನಸ್ಸು ಕಟ್ಕೊಂಡು ನನಗೇನಾಗಬೇಕು ಮೇಷ್ಟ್ರೇ? ಇದು ಮಕ್ಕಳ ಬಟ್ಟೆ. ಬೆಳಿಗ್ಗೆಯಿಂದ ಕೂತು ಇಸ್ತ್ರಿ ಮಾಡಿದ್ದು." ಇನ್ನೂ ನಾಲ್ಕು ಮಾತು ಅನ್ನುವುದಿತ್ತು. ಅಷ್ಟರಲ್ಲಿ ಅವಳ ಕಣ್ಣು ತೊಟ್ಟಿಯೊಳಗೆ ಬಿತ್ತು. "ಅಯ್ಯೋ ಪಾಪ, ಇದೇನಣ್ಣ, ಮೀನು. ಇದನ್ಯಾಕೆ ಈ ಡಬ್ಬ ಬಸ್ಸಲ್ಲಿ ತಂದ್ರಿ?"

ರಾಯರು ಹೇಳಿದರು. ಸಾಹೇಬರು, ಹನ್ನೊಂದು ಗಂಟೆ, ಮುಕ್ಕಾಲು ತೊಟ್ಟಿ, ಹತ್ತೊಂಬತ್ತು ವರ್ಷದ ನೆಲಮಾಳಿಗೆ, ಕಿಟಕಿ, ಮರ, ಎಲ್ಲವನ್ನೂ ಹೇಳಿದರು. ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಕೇಳಿಸಿಕೊಂಡ ನಾಲ್ಕು ಸೀಟಿನವರು ಹಿಂದಿನ ನಾಲ್ಕು ಸೀಟಿನವರಿಗೆ ಹೇಳಿದರು. ಎರಡು ನಿಮಿಷದಲ್ಲಿ ಆ ಕಿಟಕಿ ಇಡೀ ಬಸ್ಸಿನ ಆಸೆಯಾಯಿತು.

ಬಸ್ಸು ಬಲಕ್ಕೆ ತಿರುಗಿತು. ನೀರು ಎಡಕ್ಕೆ, ಅಂದರೆ ಮೇಷ್ಟ್ರ ಮಡಿಲಿಗೆ ಬಿತ್ತು. ಮೇಷ್ಟ್ರು ಒದ್ದೆ ಪ್ಯಾಂಟನ್ನು ಹೆಮ್ಮೆಯಿಂದ ನೋಡಿಕೊಂಡರು, ಹೇಳಿಕೊಟ್ಟದ್ದನ್ನು ಹುಡುಗನೊಬ್ಬ ಸರಿಯಾಗಿ ಒಪ್ಪಿಸಿದಾಗ ನೋಡುವ ಹಾಗೆ.

"ಮುಕ್ಕಾಲಿಗಿಂತ ಕೆಳಗೆ ಹೋಯ್ತು," ಎಂದು ರಾಯರು ಸಣ್ಣ ದನಿಯಲ್ಲಿ ಹೇಳಿದರು. ತಕ್ಷಣ ಎಲ್ಲ ಕಡೆಯಿಂದ ನೀರಿನ ಬಾಟಲಿಗಳು ಬಂದವು. ಯಾರೋ ಅರ್ಧ ಕುಡಿದದ್ದು, ಯಾರೋ ಮನೆಯಿಂದ ಕುದಿಸಿ ಆರಿಸಿ ತಂದದ್ದು. ತೊಟ್ಟಿ ಮತ್ತೆ ಮುಕ್ಕಾಲಾಯಿತು. ಮೀನು ಈ ಗದ್ದಲಕ್ಕೆಲ್ಲ ಒಂದು ಸಲ ಬಾಯಿ ತೆರೆದು ಮುಚ್ಚಿತು, ಅಷ್ಟೆ.

ಮೇಷ್ಟ್ರು ಈಗ ಕಾರ್ಯಾಚರಣೆಯನ್ನು ಕೈಗೆ ತೆಗೆದುಕೊಂಡರು. "ನೀವು ಎದ್ದು ನಿಂತ್ಕೊಳ್ಳಿ ಸ್ವಾಮಿ. ತೊಟ್ಟಿ ತೊಡೆ ಮೇಲೆ ಬೇಡ, ಕೈಯಲ್ಲಿರಲಿ. ನಾನು ರಸ್ತೆ ನೋಡ್ತಾ ಇರ್ತೀನಿ. 'ಬ್ರೇಕು' ಅಂದ ತಕ್ಷಣ ಮುಂದಿನ ಅಂಚು ಎತ್ತಿ. 'ಹೊರಟ' ಅಂದ ತಕ್ಷಣ ಹಿಂದಿನ ಅಂಚು ಎತ್ತಿ. ಒಂದು ತೊಟ್ಟು ಚೆಲ್ಲಿದ್ರೆ ನಾನು ಮೇಷ್ಟ್ರೇ ಅಲ್ಲ."

ರಾಯರು ಎದ್ದು ನಿಂತರು. ಕಂಡಕ್ಟರ್ ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡ. ಮೇಷ್ಟ್ರು ಕತ್ತು ಚಾಚಿ ರಸ್ತೆ ನೋಡಿದರು. ದೂರದಲ್ಲಿ ನಾಯಿಯೊಂದು ರಸ್ತೆಗಿಳಿಯುತ್ತಿತ್ತು.

"ಬ್ರೇಕು," ಎಂದು ಕೂಗಿದರು. ರಾಯರು ಮುಂದಿನ ಅಂಚು ಎತ್ತಿದರು. ನಾಯಿ ಮನಸ್ಸು ಬದಲಾಯಿಸಿ ಹಿಂದಕ್ಕೆ ಹೋಯಿತು. ಡ್ರೈವರ್ ಬ್ರೇಕ್ ಹಾಕಲಿಲ್ಲ. ನೀರೆಲ್ಲ ರಾಯರ ಹೊಟ್ಟೆಯ ಮೇಲೆ.

"ನಾಯಿಗೆ ಯಾವ ನಿಯಮವೂ ಇಲ್ಲ," ಎಂದು ಮೇಷ್ಟ್ರು ಬೇಜಾರು ಮಾಡಿಕೊಂಡರು. ಬಾಟಲಿಗಳು ಮತ್ತೆ ಬಂದವು. ಎರಡನೇ ಸಲ ಅವರು ಇನ್ನೂ ಗಟ್ಟಿಯಾಗಿ, ತರಗತಿಯ ಕೊನೆಯ ಬೆಂಚಿಗೂ ಕೇಳುವ ಹಾಗೆ "ಬ್ರೇಕು" ಎಂದು ಕೂಗಿದರು. ಆ ಕೂಗು ಕೊನೆಯ ಬೆಂಚಿಗಿಂತ ಮೊದಲು ಡ್ರೈವರನಿಗೆ ಕೇಳಿಸಿತು. ಏನು ಅನಾಹುತವಾಯಿತೋ ಎಂದು ಅವನು ಇದ್ದ ಬಲವನ್ನೆಲ್ಲ ಕಾಲಿಗೆ ತಂದು ಬ್ರೇಕ್ ತುಳಿದ. ನಿಂತವರು ಕೂತವರ ಮೇಲೆ, ಕೂತವರು ಮುಂದಿನ ಸೀಟಿನ ಮೇಲೆ, ಕಂಡಕ್ಟರ್ ರಾಯರ ಮೇಲೆ. ರಾಯರು ಅಂಚು ಎತ್ತುವುದನ್ನು ಮರೆತು ತೊಟ್ಟಿಯನ್ನು ಎದೆಗವಚಿಕೊಂಡರು. ಅರ್ಧ ನೀರು ಟೈಲರಮ್ಮನ ಪಾಲಾಯಿತು. ಉಳಿದರ್ಧದಲ್ಲಿ ಮೀನು ಮೊಟ್ಟಮೊದಲ ಬಾರಿಗೆ ಕಲ್ಲು ಬಿಟ್ಟು ಎದ್ದು ಗಾಬರಿಯಿಂದ ಒಂದು ಸುತ್ತು ಹಾಕಿತು.

ಡ್ರೈವರ್ ಎಂಜಿನ್ ಆರಿಸಿ ಎದ್ದು ಬಂದ. "ಯಾರ್ರೀ ಅದು ಬ್ರೇಕು ಬ್ರೇಕು ಅಂತ ಬಾಯಿ ಬಡ್ಕೊಳ್ತಿರೋದು? ಇಪ್ಪತ್ತೆರಡು ವರ್ಷದಿಂದ ಸ್ಟೇರಿಂಗ್ ಹಿಡಿದಿದ್ದೀನಿ, ಎಲ್ಲಿ ತುಳೀಬೇಕು ಅಂತ ನನಗೆ ಹೇಳಿಕೊಡ್ತೀರಾ?"

"ಇಪ್ಪತ್ತೆರಡು ವರ್ಷದಿಂದ ಹೀಗೇ ಓಡಿಸ್ತಿದ್ರೆ ಆಶ್ಚರ್ಯ," ಎಂದಳು ಟೈಲರಮ್ಮ, ಬೈತಲೆಯಿಂದ ನೀರು ಒರೆಸಿಕೊಳ್ಳುತ್ತಾ. "ನಿಮ್ಮ ಬ್ರೇಕಿಗೆ ಮನುಷ್ಯರ ಬೆನ್ನುಮೂಳೆನೇ ಸಡಿಲ ಆಗುತ್ತೆ. ಮೀನಿಗೆ ಅದು ಎಷ್ಟಿರುತ್ತೆ? ಅವರ ಹತ್ತೊಂಬತ್ತು ವರ್ಷದ ಕನಸು ನಿಮ್ಮ ಕಾಲಡಿ ಇದೆ, ಗೊತ್ತಾ?"

ಡ್ರೈವರ್ ತೊಟ್ಟಿ ನೋಡಿದ. ತೊಯ್ದು ತೊಪ್ಪೆಯಾದ ರಾಯರನ್ನು ನೋಡಿದ. ಅವನಿಗೆ ಅವಮಾನವೂ ಆಯಿತು, ಕನಿಕರವೂ ಆಯಿತು. ಎರಡರಲ್ಲಿ ಅವಮಾನವೇ ಹೆಚ್ಚು ಕೆಲಸ ಮಾಡಿತು.

"ನೀರು ತುಂಬಿಸಿ," ಎಂದ. "ಇನ್ನು ಮುಂದೆ ಒಂದು ಹನಿ ಚೆಲ್ಲಿದ್ರೆ ಈ ಬಸ್ ಮುಟ್ಟಲ್ಲ ನಾನು."

ಆಮೇಲೆ ಆ ಬಸ್ಸು ಹೊರಟ ರೀತಿಯನ್ನು ಆ ದಾರಿಯ ಜನ ಹಿಂದೆಂದೂ ಕಂಡಿರಲಿಲ್ಲ. ಮಲಗಿದ ಕೂಸಿನ ಪಕ್ಕದಿಂದ ತಾಯಿ ಎದ್ದುಹೋಗುವ ಹಾಗೆ ಹೊರಟಿತು. ನೀರು ಅಲುಗಲಿಲ್ಲ. ಹಿಂದೆ ಕಾರುಗಳು, ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಡ್ರೈವರ್ ಕಿವಿ ಕೊಡಲಿಲ್ಲ.

ಆದರೆ ಸ್ಟಾಪು ಬಂದಾಗ ತೊಡಕು ಶುರುವಾಯಿತು. ನಿಲ್ಲಿಸಿದರೆ ಚೆಲ್ಲುತ್ತದೆ, ಹೊರಟರೂ ಚೆಲ್ಲುತ್ತದೆ. ಡ್ರೈವರ್ ನಿಲ್ಲಿಸಲೇ ಇಲ್ಲ. ಬಸ್ಸು ನಡೆಯುವವರ ವೇಗದಲ್ಲಿ ಉರುಳುತ್ತಾ ಹೋಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಇಳಿಯೋರು ಬಸ್ ಹೋಗೋ ಕಡೆಗೇ ನಾಲ್ಕು ಹೆಜ್ಜೆ ಓಡಿ, ಹತ್ತೋರೂ ಹಾಗೇ ಓಡ್ಕೊಂಡು ಬನ್ನಿ, ಒಳಗೆ ನೀರಿದೆ," ಎಂದು ಸಾರಿದ. ಕೈಚೀಲ ಹಿಡಿದ ಗಂಭೀರ ಜನರೆಲ್ಲ ಬಸ್ಸಿನ ಪಕ್ಕದಲ್ಲಿ ಓಡುತ್ತಾ ಹತ್ತಿದರು. "ಯಾಕೆ ಓಡಿ ಅಂದಿದ್ದು ಗೊತ್ತಾಯ್ತಾ?" ಎಂದು ಮೇಷ್ಟ್ರು ಹತ್ತಿದವರನ್ನೆಲ್ಲ ಕೇಳಿದರು. "ಇಳಿದ ತಕ್ಷಣ ನಿಂತ್ರೆ ಕಾಲು ನಿಲ್ಲುತ್ತೆ, ಮೈ ನಿಲ್ಲಲ್ಲ." ಹತ್ತಿದವರಿಗೆ ಏದುಸಿರಿನಲ್ಲಿ ಉತ್ತರ ಕೊಡಲಾಗಲಿಲ್ಲ.

ಹತ್ತೂ ಕಾಲಿಗೆ ರಾಯರ ಆಫೀಸು ಕಂಡಿತು. ಮೂರನೇ ಮಹಡಿಯ ಆ ಕಿಟಕಿಯೂ ಕಂಡಿತು.

"ನನ್ನ ಸ್ಟಾಪು. ನಿಲ್ಸಿ," ಎಂದರು ರಾಯರು.

"ನಿಲ್ಸಿದ್ರೆ ಚೆಲ್ಲುತ್ತೆ ಯಜಮಾನ್ರೇ," ಎಂದ ಕಂಡಕ್ಟರ್.

"ಚೆಲ್ಲಲಿ. ನಾನು ಇಳೀಬೇಕು."

"ಏನು ಮಾತು ಅಂತ ಆಡ್ತೀರಣ್ಣ," ಎಂದಳು ಟೈಲರಮ್ಮ. "ಇಷ್ಟು ದೂರ ಒಂದು ಹನಿ ಕೆಳಗೆ ಬೀಳದ ಹಾಗೆ ತಂದಿದ್ದೀವಿ. ಈಗ ಚೆಲ್ಲೋಕೆ ಬಿಡ್ತೀವಾ?"

"ಅಲ್ಲದೆ ಇಲ್ಲಿಂದ ಏರು," ಎಂದ ಡ್ರೈವರ್ ಮುಂದಿನಿಂದ. "ಏರಲ್ಲಿ ನಿಲ್ಸಿ ಹೊರಟ್ರೆ ಜಗ್ಗುತ್ತೆ. ಕೊನೇ ಸ್ಟಾಪಲ್ಲಿ ಸಮತಟ್ಟು ಇದೆ. ಅಲ್ಲಿ ನಿಲ್ಸ್ತೀನಿ ನೋಡಿ, ನಿಂತದ್ದೇ ಗೊತ್ತಾಗಬಾರದು."

ತೊಟ್ಟಿ ತಬ್ಬಿಕೊಂಡು ಹಾರಲು ರಾಯರಿಗೆ ಸಾಧ್ಯವಿರಲಿಲ್ಲ. ನಾನು ಇಳಿದುಹೋದ ಮೇಲೆ ಬಸ್ಸು ಜಗ್ಗಿದರೆ ನನಗೇನು ಎಂದು ವಾದಿಸುವ ಹೊತ್ತಿಗೆ ಕಿಟಕಿ ಹಿಂದೆ ಸರಿದುಹೋಯಿತು. ಜನರ ಸಹಾಯವೂ ಒಮ್ಮೆ ಹೊರಟಿತೆಂದರೆ ಅದನ್ನು ನಿಲ್ಲಿಸುವ ಬ್ರೇಕು ಯಾರ ಹತ್ತಿರವೂ ಇರುವುದಿಲ್ಲ. ಹತ್ತೂ ಮೂವತ್ತೈದಕ್ಕೆ ಬಸ್ಸು ಏರಿನ ತುದಿಯ ಕೊನೆಯ ಸ್ಟಾಪಿನಲ್ಲಿ ನಿಜಕ್ಕೂ ಯಾರಿಗೂ ಗೊತ್ತಾಗದ ಹಾಗೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ರೈವರ್ ಕಣ್ಣು ಒರೆಸಿಕೊಂಡ. ಚಪ್ಪಾಳೆ ಮುಗಿದ ಮೇಲೆ, ಒದ್ದೆ ಗಂಟು ಎತ್ತಿಕೊಂಡ ಟೈಲರಮ್ಮನಿಗೆ ತಾನು ಇಳಿಯಬೇಕಾದ ಶಾಲೆ ಆರು ಸ್ಟಾಪು ಹಿಂದೆ ಹೋಯಿತು ಎಂದು ನೆನಪಾಯಿತು.

ಇಪ್ಪತ್ತೈದು ನಿಮಿಷ ಉಳಿದಿತ್ತು. ಆಫೀಸು ಮುಕ್ಕಾಲು ಮೈಲಿ ಕೆಳಗಿತ್ತು. ರಾಯರ ತೋಳುಗಳು ಸೋತುಹೋಗಿದ್ದವು. ಸ್ಟಾಪಿನ ಪಕ್ಕದಲ್ಲಿ ಹಣ್ಣಿನವನೊಬ್ಬ ಮಾಲು ಇಳಿಸಿ ಖಾಲಿ ತಳ್ಳುಗಾಡಿಯ ಮೇಲೆ ಕೂತಿದ್ದ. ಮೇಷ್ಟ್ರು ಅವನನ್ನು ಎಬ್ಬಿಸಿ ಗಾಡಿ ಕೇಳಿದರು.

"ತಗೊಂಡು ಹೋಗಿ," ಎಂದ ಹಣ್ಣಿನವನು. "ಹೊರಡಿಸೋದು ಸ್ವಲ್ಪ ಕಷ್ಟ. ಆಮೇಲೆ ಏನೂ ಕಷ್ಟ ಇಲ್ಲ."

ಅವನು ಹೇಳಿದ ಎರಡು ಮಾತಿನಲ್ಲಿ ಮೊದಲನೆಯದು ನಿಜ. ತೊಟ್ಟಿಯನ್ನು ಗಾಡಿಯ ಮೇಲಿಟ್ಟು ರಾಯರು ತಳ್ಳಿದರು, ಅದು ಅಲುಗಲಿಲ್ಲ. ಮೇಷ್ಟ್ರೂ ಕೈ ಹಾಕಿದರು, ಅಲುಗಲಿಲ್ಲ. ಹಣ್ಣಿನವನು ಎದ್ದು ಬಂದು ಒಂದು ಭುಜ ಕೊಟ್ಟ. ಗಾಡಿ ಹೊರಟಿತು. ಹತ್ತು ಹೆಜ್ಜೆಗೆ ಇಳಿಜಾರು ಸಿಕ್ಕಿತು. ಇಪ್ಪತ್ತು ಹೆಜ್ಜೆಗೆ ರಾಯರು ಗಾಡಿಯನ್ನು ತಳ್ಳುತ್ತಿರಲಿಲ್ಲ, ಗಾಡಿ ರಾಯರನ್ನು ಎಳೆದುಕೊಂಡು ಹೋಗುತ್ತಿತ್ತು.

"ಹಿಂದಕ್ಕೆ ಎಳೀರಿ," ಎಂದು ಮೇಷ್ಟ್ರು ಹಿಂದೆ ಓಡುತ್ತಾ ಕೂಗಿದರು. "ಭಾರ ಜಾಸ್ತಿ, ವೇಗ ಜಾಸ್ತಿ, ನಿಲ್ಸೋಕೆ ಬಲಾನೂ ಜಾಸ್ತಿ ಬೇಕು."

"ಬಲ ಹಾಕಿ ಮೇಷ್ಟ್ರೇ, ಪಾಠ ಆಮೇಲೆ," ಎಂದರು ರಾಯರು. ಅವರ ಚಪ್ಪಲಿಯ ಹಿಮ್ಮಡಿಗಳು ರಸ್ತೆಯ ಮೇಲೆ ಎರಡು ಗೆರೆ ಎಳೆಯುತ್ತಿದ್ದವು.

ಆಫೀಸಿನ ಗೇಟಿನ ವಾಚ್‌ಮನ್ ದೂರದಿಂದ ಈ ಮೆರವಣಿಗೆಯನ್ನು ನೋಡಿದ. ಏನೆಂದು ತಿಳಿಯದಿದ್ದರೂ ಬರುತ್ತಿರುವುದು ನಿಲ್ಲುವಂಥದ್ದಲ್ಲ ಎಂದು ತಿಳಿದು ಗೇಟು ಪೂರ್ತಿ ತೆರೆದ. ಒಳಗೆ ರಿಪೇರಿ ಕೆಲಸಕ್ಕೆ ತರಿಸಿದ ಮರಳಿನ ಗುಡ್ಡೆಯೊಂದಿತ್ತು. ಗಾಡಿಯ ಮುಂದಿನ ಚಕ್ರಗಳು ಅದರಲ್ಲಿ ಹೂತುಕೊಂಡವು. ಗಾಡಿ ನಿಂತಿತು. ತೊಟ್ಟಿ ನಿಲ್ಲಲಿಲ್ಲ. ಒದ್ದೆ ಹಲಗೆಯ ಮೇಲೆ ಜಾರಿ, ಅಂಚು ದಾಟಿ, ಗುಡ್ಡೆಯ ಆಚೆ ಬೆರಗಾಗಿ ನಿಂತಿದ್ದ ವಾಚ್‌ಮನ್ನನ ಹೊಟ್ಟೆಗೆ ಬಂದು ಬಡಿಯಿತು. ಅವನು ಗಾಬರಿಯಲ್ಲಿ ಅದನ್ನು ತಬ್ಬಿಕೊಂಡು ಹಿಂದಕ್ಕೆ ಕೂತುಬಿಟ್ಟ. ನೀರು ಮೇಲಕ್ಕೆದ್ದು, ಮೀನೂ ಮೇಲಕ್ಕೆದ್ದು, ಎರಡೂ ಮರಳಿ ತೊಟ್ಟಿಗೇ ಬಿದ್ದವು.

ರಾಯರು ಓಡಿಬಂದು ನೋಡಿದರು. ಮೀನು ಹುಚ್ಚೆದ್ದಂತೆ ಸುತ್ತುತ್ತಿತ್ತು. ಮೇಲಕ್ಕೆ ಬರುತ್ತಿತ್ತು, ಕೆಳಕ್ಕೆ ಧುಮುಕುತ್ತಿತ್ತು, ಗಾಜಿಗೆ ಮೂತಿ ಒತ್ತಿ ಸರ್ರನೆ ತಿರುಗುತ್ತಿತ್ತು. ಮೂರು ವಾರ ಕಲ್ಲಿನಂತೆ ಕೂತಿದ್ದ ಪ್ರಾಣಿ ಹೀಗಾಡುತ್ತಿದೆ ಎಂದರೆ ಇದು ಸಾಯುವ ಮುಂಚಿನ ಒದ್ದಾಟವೇ ಇರಬೇಕು. ಕಿಟಕಿಯ ಸೀಟು ಆ ಕ್ಷಣ ಅವರಿಗೆ ನೆನಪಾಗಲಿಲ್ಲ. ಪಾಪದ ಪ್ರಾಣಿಯನ್ನು ಕೊಂದೆನಲ್ಲ ಎಂದು ಕಣ್ಣು ತುಂಬಿ ಬಂತು.

ವಾಚ್‌ಮನ್ನನ ಬಿಂದಿಗೆಯಿಂದ ನೀರು ತುಂಬಿಸಿ, ಮೇಷ್ಟ್ರು ಒಂದು ಕಡೆ ರಾಯರು ಒಂದು ಕಡೆ ತೊಟ್ಟಿ ಹಿಡಿದು ಮೂರನೇ ಮಹಡಿಗೆ ಬರುವಾಗ ಹನ್ನೊಂದಕ್ಕೆ ಏಳು ನಿಮಿಷವಿತ್ತು. ಸಾಹೇಬರ ಮೇಜಿನ ಮೇಲೆ ವರ್ಗಾವಣೆ ಪಟ್ಟಿ, ಅದರ ಪಕ್ಕದಲ್ಲಿ ರಾಯರ ಅರ್ಜಿ. ತೊಟ್ಟಿ ಮೇಜಿಗೆ ಬಂದ ತಕ್ಷಣ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದು ನನ್ನ ಮೀನಲ್ಲ," ಎಂದರು.

ರಾಯರು ತೊಟ್ಟಿಯತ್ತ ಬೆರಳು ತೋರಿಸಿದರು. "ನಿಮ್ಮದೇ ಸಾರ್. ಬಾಲದ ಹತ್ತಿರ ಮಚ್ಚೆ ನೋಡಿ."

ಸಾಹೇಬರು ಮೂಗು ಗಾಜಿಗೆ ಒತ್ತಿ ಮಚ್ಚೆಗಾಗಿ ಹುಡುಕಿದರು. ಮೀನು ಒಂದೆಡೆ ನಿಲ್ಲದಿದ್ದರಿಂದ ಅವರ ಕತ್ತೂ ಅದರ ಹಿಂದೆ ಸುತ್ತಿತು. ಮಚ್ಚೆ ಕಂಡಿತು. ಸಾಹೇಬರ ಮುಖ ಒಮ್ಮೆಲೇ ಹತ್ತು ವರ್ಷ ಚಿಕ್ಕದಾಯಿತು.

"ಎರಡು ವರ್ಷ ಆಯ್ತು ರೀ, ಇದು ಈಜಿದ್ದು ನೋಡಿ. ಮೂರು ಡಾಕ್ಟರಿಗೆ ತೋರಿಸಿದ್ದೆ. ಮೂವರೂ ಇನ್ನು ಹೆಚ್ಚು ದಿನ ಇಲ್ಲ ಅಂದಿದ್ರು. ನನ್ನ ಕಣ್ಣೆದುರು ಹೋಗೋದು ಬೇಡ ಅಂತಲೇ ನಿಮ್ಮ ಮನೆಗೆ ಕಳಿಸಿದ್ದು. ಏನು ಮಾಡಿದ್ರಿ ನೀವು?"

ರಾಯರು "ಏನೂ ಮಾಡಿಲ್ಲ ಸಾರ್, ಎಲ್ಲ ನಿಮ್ಮ ಸೂಚನೆ ಪ್ರಕಾರ" ಎಂದು ಹೇಳಿ ಸುಮ್ಮನಿದ್ದರೆ ಸಾಕಿತ್ತು. ಅವರು ಹಾಗೆಯೇ ಹೇಳಿದರು ಕೂಡ. ಆದರೆ ಪಕ್ಕದಲ್ಲಿ ಮೇಷ್ಟ್ರಿದ್ದರು.

"ಬಹಳ ಸುಲಭ ಸ್ವಾಮಿ," ಎಂದರು ಮೇಷ್ಟ್ರು. "ನಿಂತದ್ದು ನಿಂತೇ ಇರುತ್ತೆ, ಹೊರಗಿಂದ ಒಂದು ಬಲ ಬೀಳೋ ತನಕ. ನಿಮ್ಮ ಮೀನಿಗೆ ಮದ್ದಲ್ಲ, ಬಲ ಬೇಕಿತ್ತು. ಬಸ್ಸು ಅದನ್ನ ಕೊಡ್ತು. ಹೊರಟಾಗ ಒಂದು, ಬ್ರೇಕಿಗೆ ಒಂದು, ತಿರುವಿಗೆ ಒಂದು. ಹದಿನಾಲ್ಕು ಸಲ ನಾನೇ ಎಣಿಸಿದ್ದೀನಿ."

ಸಾಹೇಬರು ಎದ್ದು ಬಂದು ರಾಯರ ಎರಡೂ ಕೈ ಹಿಡಿದುಕೊಂಡರು. ಒದ್ದೆ ಅಂಗಿಯನ್ನೂ ಲೆಕ್ಕಿಸದೆ ಬೆನ್ನು ತಟ್ಟಿದರು. ಕುರ್ಚಿಗೆ ಮರಳಿ ಅರ್ಜಿಯನ್ನು ಮುಂದಕ್ಕೆಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ರಾಯರು ತೆರೆದ ಬಾಗಿಲಿನಿಂದ ಆ ಖಾಲಿ ಸೀಟನ್ನು ನೋಡಿದರು. ಕಿಟಕಿಯಲ್ಲಿ ಮರ ಅಲುಗುತ್ತಿತ್ತು. ಇಷ್ಟು ಸಂತೋಷವನ್ನು ಎಲ್ಲಿಡುವುದು ಎಂದು ಅವರಿಗೆ ತಿಳಿಯಲಿಲ್ಲ.

ಸಾಹೇಬರ ಪೆನ್ನು ಕಾಗದದ ಮೇಲೆ ನಿಂತಿತು.

"ಒಂದು ತೊಡಕಿದೆ," ಎಂದರು. "ಮೂರನೇ ಮಹಡಿಯವರು ಒಂಬತ್ತೂವರೆಗೆ ಸರಿಯಾಗಿ ಸೀಟಿನಲ್ಲಿರಬೇಕು, ಐದೂವರೆವರೆಗೆ ಏಳೋ ಹಾಗಿಲ್ಲ. ದಿನಾ ಮೀನನ್ನ ಬಸ್ಸಲ್ಲಿ ತಂದು ಬಸ್ಸಲ್ಲಿ ವಾಪಸ್ ಕರ್ಕೊಂಡು ಹೋಗೋರಿಗೆ ಅದು ಹೇಗೆ ಸಾಧ್ಯ?"

"ದಿನಾ ಅಂದ್ರೆ ಸಾರ್?"

"ಒಂದು ಸಲಕ್ಕೇ ಇಷ್ಟು ಗುಣ ಅಂದ್ರೆ ಬಿಡಬಾರದು. ನೆಲಮಾಳಿಗೇಲಾದ್ರೆ ನೀವು ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೋದ್ರೂ ಯಾರೂ ಕೇಳಲ್ಲ. ಆ ಜಾಗ ಇದಕ್ಕೇ ಅಂತ ಮಾಡಿಸಿದ ಹಾಗಿದೆ." ಅವರು ಅರ್ಜಿಯನ್ನು ನಾಲ್ಕು ಮಡಿಕೆ ಮಡಿಸಿ ಡ್ರಾಯರಿಗೆ ಹಾಕಿದರು. "ನಿಮ್ಮನ್ನ ಅಲ್ಲಿಂದ ಕದಲಿಸಿದ್ರೆ ನನಗೆ ಪಾಪ ಬರುತ್ತೆ."

ರಾಯರು ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಬಹಳ ದುಃಖವಾಗಿತ್ತು. ಆದರೆ ಗಾಜಿನ ಹಿಂದೆ ಆ ಮೀನು ತಾನು ಈಜಬಲ್ಲೆ ಎಂದು ಈಗ ತಾನೇ ಗೊತ್ತಾದ ಹಾಗೆ ಈಜುತ್ತಿತ್ತು. ಅದನ್ನು ನೋಡುತ್ತಾ ಬೇಡ ಅನ್ನಲು ಅವರಿಂದ ಆಗಲಿಲ್ಲ. ತೆರೆದ ಬಾಯಿ ಮುಚ್ಚಿ, ತೊಟ್ಟಿ ಎತ್ತಿಕೊಂಡು, "ಆಗಲಿ ಸಾರ್" ಎಂದರು.

ಬಾಗಿಲು ದಾಟುವಾಗ ಸಾಹೇಬರು ಮತ್ತೆ ಕರೆದರು.

"ಇವತ್ತಿನ ಡ್ರೈವರ್ ಕೊನೆಗೆ ಬಹಳ ನಿಧಾನ ಓಡಿಸಿದ ಅಂತ ಕಾಣುತ್ತೆ, ನೀವು ಬಂದಿದ್ದೇ ತಡ ಆಯ್ತು. ನಾಳೆಯಿಂದ ಬೇರೆ ಬಸ್ಸು ನೋಡ್ಕೊಳ್ಳಿ. ಚೆನ್ನಾಗಿ ಬ್ರೇಕ್ ಹಾಕೋರು ಇರಲಿ."